ನೆಲ ಬಿಟ್ಟುಕೊಡದ ಹಿರಿಯರು

ದೇವನಹಳ್ಳಿ ಎಂದೊಡನೆ ನಮಗೆ ನೆನಪಾಗುವುದು ಟಿಪ್ಪು ಸುಲ್ತಾನರ ಜನ್ಮಸ್ಥಳ, ಚಕ್ಕೋತ ಹಣ್ಣು ಮತ್ತು 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣ. ಅದೇ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರದ್ದೂ ಒಂದು ಇತಿಹಾಸವಿದೆ. ಅದನ್ನು ಬರೆದವರು ಅರಸರಲ್ಲ, ಬೆವರು ಸುರಿಸಿ ಮುಪ್ಪಾದವರು.

ಇಂದು ಎಪ್ಪತ್ತು ದಾಟಿದವರು ಹುಟ್ಟಿದ ಕಾಲದಲ್ಲಿ ಹಳೆ ಮೈಸೂರಿನ ಬಹಳಷ್ಟು ಬಡವರಿಗೆ ಉಳುವ ಕೆಲಸವಿತ್ತು, ನೆಲವಿರಲಿಲ್ಲ. ಈ ಹೋಬಳಿಯ ಒಂದು ಊರಿನ ಹೆಸರೇ ಶ್ರೋತ್ರಿಯ ತೆಲ್ಲೋಹಳ್ಳಿ. ಶ್ರೋತ್ರಿಯ ಎಂದರೆ ವೇದ ಬಲ್ಲವರಿಗೆ ಅರಸರು ಕೊಡುತ್ತಿದ್ದ ಇನಾಮು. 1954ರ ಕಾಯ್ದೆ ಇಂತಹ ಇನಾಮುಗಳನ್ನು ರದ್ದುಪಡಿಸಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಆದರೆ ನೆಲ ತಾನಾಗಿ ಕೈಗೆ ಬರಲಿಲ್ಲ. ಗೇಣಿದಾರ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿಯ ಮುಂದೆ ನಿಂತು ತಾನೇ ಉಳುತ್ತಿದ್ದೇನೆಂದು ರುಜುವಾತುಪಡಿಸಬೇಕು. ಅಕ್ಷರ ಬಾರದವರಿಗೆ ಇದೇನು ಸಣ್ಣ ಕಷ್ಟವಲ್ಲ. ನಾಡಿನಾದ್ಯಂತ ಒಂದು ತಲೆಮಾರು ಹೀಗೆ ಪಹಣಿಯಲ್ಲಿ ಮೊದಲ ಬಾರಿಗೆ ತನ್ನ ಹೆಸರನ್ನು ಕಂಡಿತು.

ಹೀಗೆ ನೆಲದ ಬೆಲೆ ಅರಿತ ಕಾಲದವರ ಮುಂದೆಯೇ 2021ರಲ್ಲಿ ಹೊಸ ಅಧಿಸೂಚನೆ ಬಂದಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗಾಗಿ 13 ಹಳ್ಳಿಗಳ 1,777 ಎಕರೆ ಬೇಕಾಗಿತ್ತು. ರಾಗಿ, ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ಭೂಮಿ ಅದು. ಅದಕ್ಕೂ ಮೊದಲೇ ವಿಮಾನ ನಿಲ್ದಾಣಕ್ಕಾಗಿ ಸುಮಾರು 4,000 ಎಕರೆ ಹೋಗಿದ್ದುದನ್ನು ಈ ಸೀಮೆಯವರು ಕಣ್ಣಾರೆ ಕಂಡಿದ್ದರು.

2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದಲ್ಲಿ ಧರಣಿ ಆರಂಭವಾಯಿತು. ಎರಡು ಸರಕಾರಗಳ ಕಾಲದಲ್ಲೂ ಅದು ಮುಂದುವರಿಯಿತು. 495 ಎಕರೆ ಬಿಟ್ಟು ಉಳಿದುದನ್ನು ಪಡೆಯುತ್ತೇವೆಂದು ಸರಕಾರ ಹೇಳಿದಾಗ, ಉಳಿಯುವ ಹಳ್ಳಿಯವರು ಮನೆಗೆ ಹೋಗಬಹುದಿತ್ತು. ಆದರೆ ಹೋರಾಟ ಒಡೆಯಲಿಲ್ಲ. 2025ರ ಜೂನ್ 25ರಂದು ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಜುಲೈ 15ರಂದು, ಅಂದರೆ 1,198 ದಿನಗಳ ನಂತರ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಕೊಳ್ಳಲಾಗುವುದೆಂದೂ ಹೇಳಿದರು.

ಕೋಟಿಗಟ್ಟಲೆ ಪರಿಹಾರ ಸಿಗುವಾಗ ಹಟವೇಕೆ ಎಂದು ಕೇಳುವವರಿದ್ದಾರೆ. ಕಂಪೆನಿ ಬಂದರೆ ಮೊಮ್ಮಗನಿಗೆ ಕೆಲಸ ಸಿಕ್ಕೀತು. ಎಪ್ಪತ್ತರ ಅಜ್ಜಿಗೆ ಅಲ್ಲೇನು ಕೆಲಸ? ಪರಿಹಾರದ ಹಣ ಖಾತೆದಾರನಿಗೆ ಹೋಗುತ್ತದೆ. ಜೀವಮಾನವಿಡೀ ಕಳೆ ಕಿತ್ತ ಹೆಂಗಸಿನ ಹೆಸರು ಬಹಳಷ್ಟು ಪಹಣಿಗಳಲ್ಲಿ ಇರುವುದೇ ಇಲ್ಲ. ಸರಕಾರದ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ಏರಿದ ಮೇಲೂ ತಿಂಗಳಿಗೆ 1,200 ರೂಪಾಯಿ. ನೆಲವಿದ್ದರೆ ಮನೆಯಲ್ಲಿ ರಾಗಿ ಇರುತ್ತದೆ, ಎರಡು ಹಸು ಇರುತ್ತವೆ, ಮಕ್ಕಳ ಮುಂದೆ ಮಾತಿಗೊಂದು ತೂಕ ಇರುತ್ತದೆ. ರೈತನಿಗೆ ನಿವೃತ್ತಿ ವೇತನವೆಂದರೆ ಅದೇ.

ಹಿರಿಯರ ಕಷ್ಟವನ್ನು ಕೊಂಡಾಡಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಅವರು ಕಷ್ಟಪಟ್ಟು ಪಡೆದುದನ್ನು ಅವರ ಕೈಯಲ್ಲೇ ಉಳಿಸುವುದು ಅದಕ್ಕಿಂತ ದೊಡ್ಡ ಗೌರವ. ಮುಂದಿನ ಅಧಿಸೂಚನೆಗೆ ಸಹಿ ಹಾಕುವವರು ಈ 1,198 ದಿನಗಳನ್ನು ನೆನಪಿಟ್ಟುಕೊಂಡರೆ ಸಾಕು.