ಗದುಗಿನ ಗವಾಯಿಗಳ ಶಾಲೆ

ಗದುಗಿಗೆ ಹೆಸರು ತಂದ ಸಂಗತಿಗಳು ಹಲವು. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಕಟ್ಟಿದನೆಂದು ಊರು ನಂಬಿಕೊಂಡು ಬಂದಿದೆ. ಆ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. ತ್ರಿಕೂಟೇಶ್ವರನ ಆವರಣದಲ್ಲಿ ಚಾಲುಕ್ಯರ ಕಾಲದ ಕಲ್ಲುಕೆಲಸವಿದೆ. ಬೆಟಗೇರಿಯಲ್ಲಿ ನೇಕಾರರಿದ್ದಾರೆ. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಪತ್ತಿನ ಸಂಘ ಹುಟ್ಟಿತು. ಹುಬ್ಬಳ್ಳಿ, ಗುಂತಕಲ್ಲು, ಸೊಲ್ಲಾಪುರದ ಕಡೆಯ ಹಳಿಗಳು ಕೂಡುವ ಜಂಕ್ಷನ್ ಇದು. ಆದರೆ ಬಾಗಲಕೋಟೆ, ಕೊಪ್ಪಳ, ರಾಯಚೂರಿನ ಹಳ್ಳಿಗಳ ಕಟ್ಟೆಯ ಮೇಲೆ ಗದಗ ಎಂದರೆ ಹಿರಿಯರ ಬಾಯಲ್ಲಿ ಬರುವ ಮಾತು ಬೇರೆ: "ಪುಟ್ಟರಾಜ ಅಜ್ಜಾರ ಊರು." ಅವರು ಹೇಳುತ್ತಿರುವುದು ಒಂದು ಶಾಲೆಯ ವಿಷಯ. ವೀರೇಶ್ವರ ಪುಣ್ಯಾಶ್ರಮ ಅದರ ಹೆಸರು. ಕಣ್ಣಿಲ್ಲದ ಇಬ್ಬರು ಗುರುಗಳು, ಒಬ್ಬರ ನಂತರ ಒಬ್ಬರು, ಕಣ್ಣಿಲ್ಲದ ಮಕ್ಕಳನ್ನೂ ಕಣ್ಣಿದ್ದ ಬಡಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣ್ಣಿಸಿ, ಸಂಗೀತ ಕಲಿಸಿದ ಶಾಲೆ.

ಇಂಥ ಶಾಲೆಯನ್ನು ಕರುಣೆಯ ಕಥೆಯಾಗಿ ಹೇಳುವುದು ರೂಢಿ. ಕರುಣೆ ಇತ್ತು, ನಿಜ. ಆದರೆ ಈ ಶಾಲೆಯನ್ನು ಉಳಿದವುಗಳಿಂದ ಬೇರೆ ಮಾಡಿದ್ದು ಅದೊಂದೇ ಅಲ್ಲ. ಹೊಟ್ಟೆ ತುಂಬಿಸಿಕೊಳ್ಳಲು ಈ ಶಾಲೆ ಹಿಡಿದ ದಾರಿಗಳೇ ಅದರ ಪಾಠಗಳೂ ಆದವು. ಇಲ್ಲಿಂದ ಹೊರಟ ಹಾಡುಗಾರಿಕೆಗೆ ಯಾಕೆ ಅಂಥ ಬಣ್ಣ ಬಂತು ಎಂದು ತಿಳಿಯಬೇಕಾದರೆ ಅನ್ನ ಎಲ್ಲಿಂದ ಬಂತು ಎಂದು ಕೇಳಬೇಕು.

ಮೊದಲಿಗೆ ಶಾಲೆಗೆ ಊರೇ ಇರಲಿಲ್ಲ. ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟುಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಒಡಹುಟ್ಟಿದ ಗುರುಬಸಯ್ಯನಿಗೂ ಇಲ್ಲ. ಇಬ್ಬರಿಗೂ ಕೊರಳಿತ್ತು. ಆ ಕೊರಳನ್ನು ಗುರುತಿಸಿ ಮಕ್ಕಳನ್ನು ಕೈಹಿಡಿದವರು ಹಾನಗಲ್ಲಿನ ಕುಮಾರಸ್ವಾಮಿಗಳು, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಕಟ್ಟಿದವರು. ಕಣ್ಣಿಲ್ಲದ ಹುಡುಗನಿಗೆ ಎರಡು ಭಜನೆ ಕಲಿಸಿ, ಗುಡಿಯ ಮುಂದೆ ಕೂಡಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಸ್ವಾಮಿಗಳು ಹಾಗೆ ಮಾಡಲಿಲ್ಲ. ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಹಿಂದುಸ್ತಾನಿ ಕಲಿಸಲು ಮಿರಜದ ನೀಲಕಂಠಬುವಾ ಆಲೂರಮಠ ಅವರಂಥ ಗುರುಗಳು ಒದಗಿದರು. ಮಲ್ಲಿಕಾರ್ಜುನ ಮನಸೂರರಿಗೂ ಪಾಠ ಹೇಳಿದ ಗುರುಗಳವರು. ಹೀಗೆ ಪಂಚಾಕ್ಷರರು ಎರಡೂ ಪದ್ಧತಿಗಳಲ್ಲಿ ನುರಿತರು. ಜನ ಅವರನ್ನು ಉಭಯಗಾನ ವಿಶಾರದ ಎಂದು ಕರೆದರು.

ಕಲಿತವರು ಆಸ್ಥಾನ ಹುಡುಕಿಕೊಂಡು ಹೋಗಲಿಲ್ಲ. ತಮ್ಮಂತೆಯೇ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ನಡೆದರು. ಸಂಚಾರಿ ಸಂಗೀತ ಪಾಠಶಾಲೆ ಎಂದರೆ ಇದೇ. ಒಂದು ಊರಿನ ಮಠದಲ್ಲಿಯೋ ಗುಡಿಯಲ್ಲಿಯೋ ಬೀಡು ಬಿಡುವುದು, ಅಲ್ಲಿ ಕೀರ್ತನೆ, ಪುರಾಣ, ಸಂಗೀತ ನಡೆಸುವುದು, ಊರವರು ಕೊಟ್ಟ ಜೋಳ, ಬೇಳೆಯಲ್ಲಿ ಮಕ್ಕಳ ಊಟ ಸಾಗಿಸುವುದು, ಬೆಳಿಗ್ಗೆ ಎದ್ದು ಪಾಠ, ಅನಂತರ ಮುಂದಿನ ಊರು. ರಾತ್ರಿ ಗುರುಗಳ ಹಿಂದೆ ಸ್ವರ ಹಿಡಿದ ಹುಡುಗ ಮರುದಿನ ಅದೇ ರಾಗದ ಪಾಠಕ್ಕೆ ಕೂಡುತ್ತಿದ್ದ. ಹಾಡುವುದನ್ನು ಕಲಿತು ಮುಗಿಸಿದ ಮೇಲೆ ಜನರ ಮುಂದೆ ಬರುವ ಪದ್ಧತಿ ಇಲ್ಲಿರಲಿಲ್ಲ. ಜನರ ಮುಂದೆಯೇ ಕಲಿಕೆ. ರಾಗ ಗೊತ್ತಿಲ್ಲದ, ಆದರೆ ಶ್ರುತಿ ತಪ್ಪಿದರೆ ಥಟ್ಟನೆ ಮುಖ ತಿರುಗಿಸುವ ಒಕ್ಕಲುಮಕ್ಕಳೇ ಪರೀಕ್ಷಕರು. ಇದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಯಾವ ಸಂಗೀತ ಕಾಲೇಜಿನಲ್ಲಿಯೂ ಇರಲಾರದು.

ಈ ತಿರುಗಾಟದಲ್ಲಿಯೇ ಸಿಕ್ಕ ಹುಡುಗ ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು. ಅವರಿಗೆ ಕಣ್ಣಿತ್ತು. ಎಳವೆಯಲ್ಲಿಯೇ ಪಂಚಾಕ್ಷರರ ಕೈಗೆ ಬಂದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ರಾಜಗುರುಗಳು ಮೊದಲ ಸಲ ದೊಡ್ಡ ಸಭೆಯ ಮುಂದೆ ಹಾಡಿದರು. ಅವತ್ತು ತಬಲಾ ಸಾಥಿಗೆ ಕೂತವರು ಪಂಚಾಕ್ಷರರೇ. ಗುರು ನಡುವೆ, ಶಿಷ್ಯ ಹಿಂದೆ ಎಂಬುದು ಸಂಗೀತ ಲೋಕದ ರೂಢಿ. ಇಲ್ಲಿ ಶಿಷ್ಯ ನಡುವೆ ಕೂತ, ಗುರು ಪಕ್ಕದಲ್ಲಿ ತಾಳ ಕಾದರು. ಈ ಶಾಲೆಯ ಸ್ವಭಾವವನ್ನು ತಿಳಿಯಲು ನನಗೆ ಈ ಒಂದು ಸಂಗತಿ ಸಾಕು.

ಕಡೆಗೆ ಶಾಲೆ ಗದುಗಿನಲ್ಲಿ ನೆಲೆ ನಿಂತಿತು. ಊರಿನ ಬಸರಿಗಿಡದ ವೀರಪ್ಪನವರು ಆಸರೆ ಕೊಟ್ಟರು. ಗದಗ ಒಪ್ಪುವ ಊರೇ ಆಗಿತ್ತು. ಮೂರು ದಿಕ್ಕಿನಿಂದ ರೈಲು ಬರುತ್ತಿತ್ತು, ನಾಟಕ ಕಂಪನಿಗಳು ಬೀಡು ಬಿಡುತ್ತಿದ್ದವು, ಮರಾಠಿ ರಂಗಗೀತೆಗಳ ಗಾಳಿ ಮಿರಜ, ಹುಬ್ಬಳ್ಳಿಯ ದಾರಿಯಲ್ಲಿ ಇತ್ತಲೂ ಬೀಸುತ್ತಿತ್ತು. ಭೀಮಸೇನ ಜೋಶಿಯವರು ಹುಟ್ಟಿದ ರೋಣ ಹತ್ತಿರದಲ್ಲಿಯೇ ಇದೆ. ನೆಲೆ ನಿಂತರೂ ಶಾಲೆ ತಿರುಗುವುದನ್ನು ಬಿಡಲಿಲ್ಲ.

ಇನ್ನು ಪಾಠದ ರೀತಿ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಲಿಪಿ ಎಂದು ನಿಗದಿಯಾದದ್ದು 1951ರಲ್ಲಿ. ಪಂಚಾಕ್ಷರರ ಕಾಲದ ಮಕ್ಕಳಿಗೆ ಓದುವ ಪುಸ್ತಕವಿಲ್ಲ, ಬರೆದುಕೊಳ್ಳುವ ವಹಿಯಿಲ್ಲ. ಗುರು ಹೇಳಿದ್ದು, ಶಿಷ್ಯ ತಿರುಗಿ ಹೇಳಿದ್ದು, ಅಷ್ಟೇ. ಚೀಜು, ವಚನ, ಪುರಾಣದ ಷಟ್ಪದಿ, ರಂಗಗೀತೆ ಎಲ್ಲವೂ ನೆನಪಿನಲ್ಲಿಯೇ ನಿಲ್ಲಬೇಕು. ಪೇಟಿ ಕಲಿಯುವ ಹುಡುಗನ ಬೆರಳಿಗೆ ಕರಿಮನೆಗಳ ಎರಡರ ಗುಂಪು, ಮೂರರ ಗುಂಪು ತಾಗುತ್ತವೆ. ಅವುಗಳಿಂದ ಷಡ್ಜ ಎಲ್ಲಿದೆ ಎಂದು ಕಂಡುಕೊಳ್ಳುತ್ತಾನೆ. ತಬಲಾದ ಕರಣೆಯ ಒರಟು, ಅದರ ಸುತ್ತಿನ ಚರ್ಮದ ನುಣುಪು ಬೆರಳ ತುದಿಗೆ ತಿಳಿಯುತ್ತವೆ. ಉಳಿದದ್ದು ಕಿವಿಯ ಕೆಲಸ. ಕಣ್ಣಿದ್ದವರು ಮೇಲು, ಇಲ್ಲದವರು ಕೆಳಗೆ ಎಂಬ ಮಾತಿಗೆ ಇಲ್ಲಿ ಜಾಗವೇ ಇರಲಿಲ್ಲ. ದಾರಿ ತೋರಿಸುವಾಗ ಕಣ್ಣಿದ್ದ ಹುಡುಗ ಮುಂದೆ, ಪಾಠದ ಜಗಲಿಯ ಮೇಲೆ ಕಿವಿ ಚುರುಕಿದ್ದ ಹುಡುಗ ಮುಂದೆ. ಜಾತಿಯನ್ನು ಕೇಳಿ ಬಾಗಿಲು ತೆರೆಯುವ ಪದ್ಧತಿಯೂ ಇಲ್ಲಿಲ್ಲ. ಮಠದ ಪರಂಪರೆಯಿಂದ ಬಂದ ಶಾಲೆ ಇಷ್ಟು ಅಗಲ ಬಾಗಿಲು ಇಟ್ಟುಕೊಂಡದ್ದು ಸಣ್ಣ ಮಾತಲ್ಲ.

1944ರಲ್ಲಿ ಪಂಚಾಕ್ಷರರು ಲಿಂಗೈಕ್ಯರಾದರು. ಹೊಣೆ ಬಿದ್ದದ್ದು ಅವರ ಶಿಷ್ಯ, ಮೂವತ್ತರ ಪುಟ್ಟರಾಜರ ಹೆಗಲಿಗೆ. ಅವರೂ ಹಾನಗಲ್ ಸೀಮೆಯವರೇ. 1914ರಲ್ಲಿ ಹುಟ್ಟಿ, ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಹಾಡುಗಾರಿಕೆಯ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿ, ಶಹನಾಯಿ, ಸರೋದು, ಹೀಗೆ ಕೈಗೆ ಸಿಕ್ಕ ವಾದ್ಯವನ್ನೆಲ್ಲ ಒಲಿಸಿಕೊಂಡವರು. ಬ್ರೈಲ್ ಕಲಿತು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಬರೆದರು; ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿದರು. ಗುರುವಿಗೆ ಇಲ್ಲದಿದ್ದ ಅಕ್ಷರ ಶಿಷ್ಯನ ಬೆರಳಿಗೆ ಬಂತು.

ಆದರೆ ಬೆಳಗಾದರೆ ನೂರಾರು ಮಕ್ಕಳಿಗೆ ಅನ್ನ ಬೇಕು. ಶುಲ್ಕ ಕೇಳುವಂತಿಲ್ಲ. ಅದಕ್ಕೆ ನಾಟಕ ಕಂಪನಿ ಬಂತು. ಕುಮಾರೇಶ್ವರರ, ಅಂದರೆ ಹಾನಗಲ್ಲಿನ ಕುಮಾರಸ್ವಾಮಿಗಳ, ಹೆಸರು ಹೊತ್ತ ಆಶ್ರಮದ ಕಂಪನಿಗೆ ಪುಟ್ಟರಾಜರೇ ನಾಟಕ ಬರೆದರು, ಹಾಡು ಕಟ್ಟಿದರು. ಕಣ್ಣಿಲ್ಲದ ಕಲಾವಿದರು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ಬಂದರು. ರಂಗದ ಮೇಲೆ ಎಷ್ಟು ಹೆಜ್ಜೆ, ಎದುರಿನ ಪಾತ್ರದ ದನಿ ಯಾವ ಮಗ್ಗುಲಿಂದ, ಪೇಟಿಯ ಸ್ವರ ಎತ್ತಣಿಂದ ಎಂಬುದನ್ನು ಅಳೆದುಕೊಂಡು ಅಭಿನಯಿಸುವುದೆಂದರೆ ಎಷ್ಟು ತಾಲೀಮು ಬೇಕು ಎಂದು ನಾಟಕ ಮಾಡಿದವರಿಗೆ ಗೊತ್ತು. ಟಿಕೀಟಿನ ಹಣ ಅಡುಗೆಮನೆಗೆ ಹೋಯಿತು. ಅದರ ಜೊತೆಗೆ ಹುಡುಗರಿಗೆ ಇನ್ನೊಂದು ದೊರೆಯಿತು. ಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕಾದರೆ ಅಕ್ಷರ ಹೇಗೆ ಒಡೆದು ಹೇಳಬೇಕು ಎಂಬುದು ಮೈಗೂಡಿತು. ಗದುಗಿನ ಶಾಲೆಯವರು ವಚನ ಹಾಡಿದರೆ ಒಂದೊಂದು ಶಬ್ದವೂ ತಿಳಿಯುತ್ತದೆ ಎಂದು ಜನ ಮೆಚ್ಚುವುದಕ್ಕೆ ಮೂಲ, ನನ್ನ ತಿಳಿವಳಿಕೆಯಲ್ಲಿ, ಈ ಕಂಪನಿಯ ರಂಗ ಮತ್ತು ಪುರಾಣದ ಕಟ್ಟೆ.

ಎರಡನೆಯ ದಾರಿ ತುಲಾಭಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹರಕೆ ಹೊತ್ತವರು, ಬೆಳೆ ಬಂದ ಸಂತೋಷಕ್ಕೆ ಊರು ಕೂಡಿದವರು ಅಜ್ಜಾರನ್ನು ಕರೆಸುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜಾರು, ಇನ್ನೊಂದರಲ್ಲಿ ನಾಣ್ಯ. ಮನೆಮನೆಯಿಂದ ಕೂಡಿಸಿದ ಚಿಲ್ಲರೆ ಹಣ ತೂಗಿ ಆಶ್ರಮಕ್ಕೆ ಸಲ್ಲುತ್ತಿತ್ತು. ಒಬ್ಬ ಸಾಹುಕಾರನ ದೊಡ್ಡ ದಾನಕ್ಕೆ ಕಟ್ಟುಬೀಳದೆ, ಸಾವಿರಾರು ಬಡವರ ಸಣ್ಣ ಕಾಸಿನಿಂದ ಶಾಲೆ ನಡೆಯಿತು. ಹಾಗಾಗಿಯೇ ಪ್ರತಿ ಹಳ್ಳಿಗೂ ಇದು ತನ್ನ ಶಾಲೆ ಎನಿಸಿತು. ಮನೆಯಲ್ಲಿ ಕಣ್ಣಿಲ್ಲದ ಕೂಸು ಹುಟ್ಟಿದರೆ ಎಲ್ಲಿಗೆ ಕರೆದೊಯ್ಯಬೇಕು ಎಂದು ಯಾರೂ ಕೇಳಬೇಕಾಗಿರಲಿಲ್ಲ. ತುಲಾಭಾರ ಕಂಡವರಿಗೆ ದಾರಿ ಗೊತ್ತಿತ್ತು.

ಮೂರನೆಯದು ಶ್ರಾವಣ. ಆ ತಿಂಗಳು ನಮ್ಮ ಕಡೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಪುರಾಣ ಹೇಳಲು, ಗವಾಯಿಗಳು ನಡುನಡುವೆ ಹಾಡಲು, ಒಬ್ಬರು ತಬಲಾಕ್ಕೆ. ಆ ಗವಾಯಿ, ಆ ತಬಲಜಿ ಗದುಗಿನ ಆಶ್ರಮದಲ್ಲಿ ಕಲಿತವರಾಗಿರುವುದು ಅದೆಷ್ಟು ಸಾಮಾನ್ಯವೆಂದರೆ ಜನ ಅದನ್ನು ವಿಶೇಷವೆಂದೇ ಎಣಿಸುವುದಿಲ್ಲ. ಶಾಲೆ ಬಿಟ್ಟವರು ಕೀರ್ತನಕಾರರಾದರು, ಹೈಸ್ಕೂಲುಗಳ ಸಂಗೀತ ಮಾಸ್ತರರಾದರು, ವೃತ್ತಿ ಕಂಪನಿಗಳಲ್ಲಿ ಪೇಟಿ ಹಿಡಿದರು. ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿಯವರಂಥ ಹೆಸರಾಂತರು ಈ ಪರಂಪರೆಯಿಂದ ಬಂದವರು. ಆದರೆ ಶಾಲೆಯ ನಿಜವಾದ ಫಲವನ್ನು ಅಳೆಯಬೇಕಾದರೆ ಹೆಸರಾಗದ ಗವಾಯಿಗಳನ್ನು ನೋಡಬೇಕು. ತಮ್ಮ ಊರಿನಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಯಾರ ಹಂಗಿಗೂ ಬೀಳದೆ ಬಾಳಿದವರು. ಗುಡಿಯ ಮುಂದೆ ಕೈಚಾಚಬೇಕಿದ್ದವರು ಗುಡಿಯ ಒಳಗೆ ಗದ್ದುಗೆಯ ಪಕ್ಕದಲ್ಲಿ ಕೂತು ಹಾಡಿದರು. ಸಂಗೀತದ ಚರಿತ್ರೆ ಬರೆಯುವವರು ಇವರನ್ನು ಬಿಟ್ಟುಬಿಡುವುದು ನನಗೆ ತುಂಬ ನೋವಿನ ಸಂಗತಿ.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶಕುಮಾರರನ್ನು 1968ರಲ್ಲಿ ಇಲ್ಲಿಗೆ ತಂದು ಬಿಟ್ಟವರು ಅವರ ಸೋದರಮಾವ, ರಂಗಕಲಾವಿದ ಬೆಳಗಲ್ಲು ವೀರಣ್ಣ. ಹನ್ನೆರಡು ವರ್ಷ ಪುಟ್ಟರಾಜರ ಬಳಿ ಇದ್ದರು. ಮುಂದೆ ಧಾರವಾಡದಲ್ಲಿ ಸಂಗೀತ ಅಧ್ಯಾಪಕರಾದರು. ದೇಶದ ದೊಡ್ಡ ಸಭೆಗಳು ಅವರನ್ನು ಗುರುತಿಸಿದ್ದು ಬಹಳ ತಡವಾಗಿ, ಪದ್ಮಶ್ರೀ ಬಂದದ್ದು 2016ರಲ್ಲಿ. ಅವರ ಮಾರುಬಿಹಾಗ, ದುರ್ಗಾ ಕೇಳಿದವರು ಘರಾಣೆಯ ಲೆಕ್ಕ ಹಾಕುತ್ತಾರೆ. ನನಗೆ ಕೇಳುವುದು ಆ ದನಿಯ ಧಾರಾಳ. ಧ್ವನಿವರ್ಧಕ ಕೈಕೊಟ್ಟರೂ ಬಯಲಿಗೆಲ್ಲ ಮುಟ್ಟುವ, ಯಾರಿಗೂ ಅಂಜದ, ಯಾರನ್ನೂ ಹೊರಗಿಡದ ದನಿ. ಅದು ಒಳಕೋಣೆಯಲ್ಲಿ ಬೆಳೆಯುವ ದನಿಯಲ್ಲ.

1995ರಲ್ಲಿ ಪಂಚಾಕ್ಷರರ ಬದುಕು ಸಿನಿಮಾ ಆಯಿತು. ಅದರ ಸಂಗೀತಕ್ಕೆ ಹಂಸಲೇಖರಿಗೂ ಒಂದು ಹಿಂದುಸ್ತಾನಿ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು. ಉತ್ತರ ಕರ್ನಾಟಕದ ಆಚೆಗೆ ಬಹಳ ಜನರಿಗೆ ಈ ಶಾಲೆಯ ಸುದ್ದಿ ಮುಟ್ಟಿದ್ದು ಆ ಚಿತ್ರದಿಂದ.

ಪುಟ್ಟರಾಜರಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದಾಗ ಗದುಗಿಗೆ ಲಕ್ಷಾಂತರ ಜನ ಬಂದರು. ಅರವತ್ತಾರು ವರ್ಷ ಒಂದೇ ಶಾಲೆಯನ್ನು ನಡೆಸಿದ ಮೇಷ್ಟ್ರಿಗೆ ಅಷ್ಟು ಜನ ಕೂಡಿದ ಇನ್ನೊಂದು ಉದಾಹರಣೆ ನನಗೆ ತೋಚುವುದಿಲ್ಲ. ಅವರ ನಂತರ ಕಲ್ಲಯ್ಯಜ್ಜನವರು ಪೀಠದ ಹೊಣೆ ಹೊತ್ತರು.

ಪಂಚಾಕ್ಷರರ ಪುಣ್ಯಸ್ಮರಣೆಯ ಜಾತ್ರೆ ಜೂನಿನಲ್ಲಿ ನಡೆಯುತ್ತದೆ. ಮುಂಗಾರಿನ ಬಿತ್ತನೆಗೆ ಹೊಲ ಹದ ಮಾಡುತ್ತಿರುವ ಹೊತ್ತು. ಆದರೂ ಹಳ್ಳಿಗಳಿಂದ ಜನ ಬರುತ್ತಾರೆ, ಹಳೆಯ ಶಿಷ್ಯರು ಬರುತ್ತಾರೆ. ಕೀರ್ತನೆ, ಸಂಗೀತ ರಾತ್ರಿಯೆಲ್ಲ ನಡೆಯುತ್ತವೆ. ಗದುಗನ್ನು ನೋಡಲು ಹೊರಟವರು ವೀರನಾರಾಯಣ, ತ್ರಿಕೂಟೇಶ್ವರ ನೋಡಿಕೊಂಡು ಸಂಜೆಯ ಗಾಡಿ ಹತ್ತುತ್ತಾರೆ. ಜೂನಿನಲ್ಲಿ ಹೋಗುವುದಾದರೆ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಊಟಕ್ಕೆ ಆಶ್ರಮದ ಪಂಕ್ತಿ ಇದೆ.