ನೋರಾಳ ಕುಪ್ಪಸ

ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಕಾರ್ಸೆಟ್ ಹೊಲಿಯುವ ಪ್ರಸಂಗ ಯಾಕೆ ಬಂತು ಎಂದು ಗೆಳತಿಯರು ಈಗಲೂ ಕೇಳುತ್ತಾರೆ. ಬಂದದ್ದು ಸುಮ್ಮನೆ, ಮಳೆ ಬಂದ ಹಾಗೆ. ಗಂಡನ ನೌಕರಿಯ ಬೆನ್ನು ಹತ್ತಿ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದವಳು ಅಲ್ಲಿಯ ಗುಜರಾತಿ ಹೆಣ್ಣುಮಕ್ಕಳ ಬ್ಲೌಸು ಹೊಲಿದು ನಾಲ್ಕು ಕಾಸು ಕಾಣುತ್ತಿದ್ದೆ. 1996ರ ಚಳಿಗಾಲದಲ್ಲಿ ಊರಿನ ಒಂದು ಹವ್ಯಾಸಿ ನಾಟಕ ತಂಡದವರು ಬಾಗಿಲು ತಟ್ಟಿದರು. ಇಬ್ಸನ್‌ನ ‘ಎ ಡಾಲ್ಸ್ ಹೌಸ್’ ಆಡುತ್ತಿದ್ದೇವೆ, ನೋರಾಳ ಉಡುಪು ಹೊಲಿದು ಕೊಡುತ್ತೀರಾ ಎಂದರು. ಹೂಂ ಅಂದೆ. ಹೊರಗಿನ ಉಡುಪಿಗಿಂತ ಒಳಗಿನದೇ ದೊಡ್ಡ ಕೆಲಸ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಈ ನಾಟಕ ಮೊದಲು ರಂಗದ ಮೇಲೆ ಬಂದದ್ದು 1879ರ ಡಿಸೆಂಬರ್ 21ರಂದು, ಕೋಪನ್‌ಹೇಗನ್ನಿನಲ್ಲಿ. ಆ ವರ್ಷಗಳ ಹೆಂಗಸರ ಮೇಲಂಗಿ ಎದೆಯಿಂದ ಸೊಂಟದ ಕೆಳಗಿನವರೆಗೂ ಕವಚದ ಹಾಗೆ ನೆಟ್ಟಗೆ ಇಳಿಯುತ್ತದೆ. ಅದು ಕೂಡುವುದು ಮೈಯ ಮೇಲಲ್ಲ, ಕಾರ್ಸೆಟ್ಟಿನ ಮೇಲೆ. ಕಾರ್ಸೆಟ್ ಇಲ್ಲದೆ ತೊಡಿಸಿ ನೋಡಿದೆವು. ಇಪ್ಪತ್ತು ತಾಸು ಕೂತು ಹೊಲಿದ ರೇಶಿಮೆ ಅಂಗಿ ಗೋಣಿಚೀಲದಂತೆ ಮುದುಡಿಕೊಂಡಿತು.

ಬ್ಲೌಸು ಹೊಲಿಯುವವಳಿಗೆ ಇದೇನು ಮಹಾ ಎಂದು ಕಾರ್ಸೆಟ್ಟಿಗೂ ಕೈ ಹಾಕಿದೆ. ಒಂದೇ ಪದರಿನ ದಪ್ಪ ಅರಿವೆ, ಅದರಲ್ಲಿ ಉದ್ದುದ್ದ ಕೊಳವೆ ಹೊಲಿದು ಎಲುಬಿನ ಬದಲು ವಯರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ ತೂರಿಸಿದೆ. ಎರಡನೆಯ ಅಂಕದಲ್ಲಿ ನೋರಾ ಟರಾಂಟೆಲ್ಲಾ ಕುಣಿತ ಕುಣಿಯಬೇಕು. ತಾಲೀಮಿನಲ್ಲಿ ಅವಳು ಎರಡು ಸುತ್ತು ತಿರುಗಿದ್ದೇ ತಡ, ಸೊಂಟದ ಹೊಲಿಗೆ ಪರ್ ಎಂದು ಹರಿಯಿತು, ಪಟ್ಟಿಯ ತುದಿ ಹೊರಗೆ ಬಂದು ಆ ಹುಡುಗಿಯ ಕಂಕುಳ ಕೆಳಗೆ ಗೀರಿ ರಕ್ತ ಬಂತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ತಂಡದಲ್ಲಿ ಪ್ರಾಂಪ್ಟ್ ಮಾಡುತ್ತಿದ್ದ ಹೆಂಗಸಿನ ತಾಯಿ 14ನೆಯ ವಯಸ್ಸಿಗೆ, 1932ರಲ್ಲಿ, ಕಾರ್ಸೆಟ್ ಕಾರ್ಖಾನೆ ಸೇರಿದವಳು. ಲೆಸ್ಟರ್‌ಶೈರ್ ಸೀಮೆಯಲ್ಲಿ ಅದು ಮನೆಮಾತಿನ ಕಸುಬು. ಮಾರ್ಕೆಟ್ ಹಾರ್‌ಬರೋ ಎಂಬ ಊರಿನ ಸಿಮಿಂಗ್ಟನ್ ಕಾರ್ಖಾನೆಯ ಕಾರ್ಸೆಟ್ಟುಗಳು ದೂರದೂರಕ್ಕೆ ಹೋಗುತ್ತಿದ್ದವು. ಆ ಅಜ್ಜಿ ನನ್ನ ಹರಿದ ಕಾರ್ಸೆಟ್ಟನ್ನು ಮೊದಲು ಒಳಮುಖ ಮಾಡಿ ತೊಡೆಯ ಮೇಲೆ ಹಾಸಿಕೊಂಡಳು. ‘ನೀನು ಅಂಗಿ ಹೊಲಿದಿದ್ದೀಯಮ್ಮ. ಇದು ಅಂಗಿ ಅಲ್ಲ, ಜೀನು’ ಎಂದಳು. ಕುದುರೆಯ ಜೀನು! ಅಂದಿನಿಂದ ಮೂರು ತಿಂಗಳು ಶನಿವಾರಕ್ಕೊಮ್ಮೆ ಆಕೆಯ ಅಡಿಗೆಮನೆಯ ಮೇಜಿನ ಮುಂದೆ ಶಿಷ್ಯೆಯಾಗಿ ಕೂತೆ.

ಆಕೆ ಕಲಿಸಿದ್ದರಲ್ಲಿ ಮೊದಲನೆಯದು ಸೊಂಟದ ಪಟ್ಟಿ. ಎರಡು ಪದರುಗಳ ನಡುವೆ, ಸೊಂಟದ ಗೆರೆಗೆ ಸರಿಯಾಗಿ, ಅರ್ಧ ಅಂಗುಲದ ಗಟ್ಟಿ ನಾಡಿಯಂಥ ಪಟ್ಟಿ ಸುತ್ತ ಹೋಗಬೇಕು. ಜಗ್ಗಿದ ಜೋರನ್ನೆಲ್ಲ ಹೊರುವುದು ಅದು, ಅರಿವೆಯಲ್ಲ. ಅರಿವೆಯೂ ಬೇರೆ: ಕೂಟಿಲ್ ಎಂಬ ಒತ್ತು ನೇಯ್ಗೆಯ ಹತ್ತಿ ಬಟ್ಟೆ, ಮೀನಿನ ಮುಳ್ಳಿನಂಥ ಗೆರೆ ಇರುವಂಥದು, ಉಗುರಿನಿಂದ ಜಗ್ಗಿದರೂ ಸಡಿಲುವುದಿಲ್ಲ. ಅಳತೆ ತೆಗೆಯುವುದರಲ್ಲೂ ನನ್ನದು ತಪ್ಪು. ಸೊಂಟದ ಅಳತೆಗೇ ಕತ್ತರಿಸಿದ್ದೆ. ಹಿಂದೆ ಕಸೆ ಕಟ್ಟುವಲ್ಲಿ ಎರಡು ಅಂಗುಲ ತೆರಪು ಉಳಿಯುವಂತೆ ಕತ್ತರಿಸಬೇಕಂತೆ. ‘ಹೆಂಗಸಿನ ಮೈ ಮುಂಜಾನೆ ಒಂದು ಅಳತೆ, ಊಟವಾದ ಮೇಲೆ ಒಂದು, ತಿಂಗಳ ಕೊನೆಗೆ ಇನ್ನೊಂದು. ಆ ತೆರಪು ಇರುವುದು ಅದಕ್ಕೆ.’ ಪಕ್ಕೆಲುಬಿನ ಹತ್ತಿರ ಬಿಗಿಯಕೂಡದು, ಒತ್ತುವುದೆಲ್ಲ ಸೊಂಟದ ಮೆತ್ತಗಿನ ಜಾಗದಲ್ಲಿ ಮಾತ್ರ. ಕೊನೆಗೆ ಪ್ರತಿ ಎಲುಬಿನ ತುದಿಗೂ ರೇಶಿಮೆ ದಾರದಿಂದ ಬೀಸಣಿಗೆಯಂಥ ಕಸೂತಿ. ನಾನು ಅದನ್ನು ಬರಿಯ ಅಲಂಕಾರ ಎಂದುಕೊಂಡಿದ್ದೆ. ಅದು ಎಲುಬು ಅರಿವೆಯನ್ನು ತೂತು ಮಾಡಿ ಹೊರಬರದ ಹಾಗೆ ಹಿಡಿಯುವ ಬೀಗ. ಧಾರವಾಡದ ಕಸೂತಿಯ ಕೈಗೆ ಅದೊಂದು ಸುಲಭವಾಗಿ ಬಂತು.

ಎಲುಬು ಎಂದೆ. ನಿಜವಾಗಿ ಅದು ಎಲುಬಲ್ಲ. ಹಲ್ಲಿಲ್ಲದ ಜಾತಿಯ ತಿಮಿಂಗಿಲದ ಮೇಲ್ದವಡೆಯಿಂದ ಜಾಲರಿಯಂತೆ ಇಳಿಬಿದ್ದ ಪಟ್ಟಿಗಳವು, ನಮ್ಮ ಉಗುರು ಕೂದಲಿನ ಜಾತಿಯ ವಸ್ತು. ಉದ್ದಕ್ಕೆ ಸೀಳಬಹುದು, ಬಿಸಿಗೆ ಮೆತ್ತಗಾಗಿ ತೊಟ್ಟವಳ ಮೈಯ ಬಾಗನ್ನು ಹಿಡಿದುಕೊಳ್ಳುತ್ತದೆ. ಒಂದನೆಯ ಎಲಿಜಬೆತ್ ರಾಣಿ 1603ರಲ್ಲಿ ತೀರಿದಾಗ ಶವಯಾತ್ರೆಗೆಂದು ಮಾಡಿದ ಗೊಂಬೆಗೆ ತೊಡಿಸಿದ ಕುಪ್ಪಸ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಉಳಿದಿದೆ. ಅದರೊಳಗೂ ಇದೇ ಪಟ್ಟಿ. ಮುಂದಿನ ಮುನ್ನೂರು ವರ್ಷ ಯೂರೋಪಿನ ಹೆಂಗಸರ ಸೊಂಟಕ್ಕಾಗಿ ಉತ್ತರ ಸಮುದ್ರಗಳ ತಿಮಿಂಗಿಲಗಳು ಬೆಲೆ ತೆತ್ತವು. ಅವು ವಿರಳವಾಗಿ ಪಟ್ಟಿ ತುಟ್ಟಿಯಾದಾಗ ಉಕ್ಕಿನ ಪಟ್ಟಿ ಬಂತು. ಅಮೆರಿಕದ ಮಿಶಿಗನ್ನಿನಲ್ಲಿ ಒಬ್ಬ ವ್ಯಾಪಾರಿ 1883ರಲ್ಲಿ ಟರ್ಕಿ ಕೋಳಿಯ ಗರಿಯ ಕಾಂಡದಿಂದಲೂ ಎಲುಬು ಮಾಡಿದ.

ಇನ್ನೊಂದು ಸಂಗತಿ ನನಗೆ ಅಜ್ಜಿಯ ಬಾಯಿಂದಲ್ಲ, ಓದಿನಿಂದ ಸಿಕ್ಕಿತು. ನೋರಾ ವಾ ಎಂಬಾಕೆ 1954ರಲ್ಲಿ ಬರೆದ ‘ಕಾರ್ಸೆಟ್ಸ್ ಅಂಡ್ ಕ್ರಿನೊಲಿನ್ಸ್’ ಪುಸ್ತಕದಲ್ಲಿ ಹಳೆಯ ಕಾರ್ಸೆಟ್ಟುಗಳ ಕತ್ತರಿಕೆಯ ನಕ್ಷೆಗಳಿವೆ. ನನ್ನ ನಕ್ಷೆಗೂ ಅದೇ ಆಧಾರ. (ನಾಟಕದವಳೂ ನೋರಾ, ಕಲಿಸಿದವಳೂ ನೋರಾ!) ಹಾಗೆ ಓದುತ್ತ ಹೋದಾಗ ತಿಳಿದದ್ದು, ಈ ಕುಪ್ಪಸಗಳನ್ನು ಬಹುಕಾಲ ಮಾಡುತ್ತಿದ್ದವರು ಗಂಡಸರು. ಪ್ಯಾರಿಸ್ಸಿನಲ್ಲಿ 1675ರಲ್ಲಿ ಹೆಂಗಸು ದರ್ಜಿಗಳಿಗೆ ತಮ್ಮದೇ ಸಂಘ ಕಟ್ಟಿಕೊಳ್ಳಲು ರಾಜನ ಅಪ್ಪಣೆ ಸಿಕ್ಕಿತು. ಆದರೆ ಎಲುಬು ತುಂಬಿದ ಕುಪ್ಪಸದ ಹಕ್ಕನ್ನು ಗಂಡಸರು ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಥೆಟ್‌ಫರ್ಡ್ ಊರಿನ ಒಬ್ಬ ಕುಪ್ಪಸಗಾರನ ಮಗ ತಂದೆಯ ಕೈಕೆಳಗೆ ಇದೇ ಕಸುಬು ಕಲಿತ. ಅವನು ಟಾಮಸ್ ಪೇನ್. 1776ರಲ್ಲಿ ‘ಕಾಮನ್ ಸೆನ್ಸ್’ ಬರೆದು ಅಮೆರಿಕದವರನ್ನು ರಾಜನ ಹಿಡಿತದಿಂದ ಬಿಚ್ಚಿಕೊಳ್ಳಿ ಎಂದು ಹುರಿದುಂಬಿಸಿದವನು ಪ್ರಾಯದಲ್ಲಿ ಹೆಂಗಸರ ಕುಪ್ಪಸ ಬಿಗಿಸುತ್ತಿದ್ದ.

ಆ ಕಾಲದ ಕುಪ್ಪಸಗಳ ಕಸೆ ಬಹುಮಟ್ಟಿಗೆ ಬೆನ್ನಿಗಿರುತ್ತಿತ್ತು. ಬೆನ್ನಿಗೆ ಕಸೆ ಇದ್ದರೆ ಕಟ್ಟಲು ಬಿಚ್ಚಲು ಇನ್ನೊಂದು ಕೈ ಬೇಕು: ಆಳು, ತಂಗಿ, ಇಲ್ಲವೆ ಗಂಡ. 1829ರ ಹೊತ್ತಿಗೆ ಫ್ರಾನ್ಸಿನಲ್ಲಿ ಎದೆಯ ನಡುವೆ ತೆರೆಯುವ ಉಕ್ಕಿನ ಜೋಡುಪಟ್ಟಿ ಬಂತು, ಶತಮಾನದ ನಡುವಿನ ವೇಳೆಗೆ ಎಲ್ಲೆಡೆ ಹಬ್ಬಿತು. ಬಸ್ಕ್ ಎನ್ನುತ್ತಾರೆ. ಒಂದು ಪಟ್ಟಿಯಲ್ಲಿ ಐದು ಗುಂಡಿ, ಇನ್ನೊಂದರಲ್ಲಿ ಐದು ಕೊಂಡಿ. ಹಿಂದಿನ ಕಸೆಯನ್ನು ಒಂದಿಷ್ಟು ಸಡಿಲಿಸಿ, ಎರಡೂ ಪಟ್ಟಿಗಳನ್ನು ಹತ್ತಿರ ತಂದರೆ ಟಕ್ ಟಕ್ ಎಂದು ಬಿಚ್ಚಿಕೊಳ್ಳುತ್ತದೆ. ಯಾರ ಹಂಗೂ ಬೇಡ.

ಇದರ ಮಹತ್ವ ನನಗಿಂತ ಮೊದಲು ತಿಳಿದದ್ದು ಅವ್ವನಿಗೆ. ಆ ಚಳಿಗಾಲ ಆಕೆ ನಮ್ಮಲ್ಲಿಗೆ ಬಂದಿದ್ದಳು. ಮೇಜಿನ ಮೇಲಿದ್ದುದನ್ನು ನೋಡಿ, ‘ಏನವಾ ಇದು, ಎತ್ತಿಗೆ ಹಾಕೂದೇನು?’ ಎಂದಳು. ಹೇಳಿದೆ. ತಿರುವಿ ಮುರುವಿ ನೋಡಿ, ಐದೂ ಗುಂಡಿ ಬಿಚ್ಚಿ, ಹಾಕಿ, ‘ಮುಂದ ಬಿಚ್ಚಾಕ ಬರ್ತೈತಲ್ಲ, ಹಂಗಾರ ಅಡ್ಡಿಯಿಲ್ಲ ಬಿಡು’ ಅಂದಳು. ಅವ್ವ ಜೀವಮಾನವೆಲ್ಲ ಗುಳೇದಗುಡ್ಡದ ಖಣದ ಕುಬಸ ತೊಟ್ಟವಳು. ಅದಕ್ಕೂ ಗುಂಡಿಯಿಲ್ಲ, ಎದೆಯ ಕೆಳಗೆ ಸೆರಗಿನ ಮರೆಯಲ್ಲಿ ಗಂಟು. ನಾನು ಹೊಲಿಯುತ್ತಿದ್ದ ಹೊಸ ಫ್ಯಾಶನ್ನಿನ ಬೆನ್ನ ಹುಕ್ಕಿನ ಬ್ಲೌಸುಗಳನ್ನು ಆಕೆ ಎಂದೂ ಒಪ್ಪಲಿಲ್ಲ.

ಈ ಮಾತು ಕೆಲಸಕ್ಕೆ ಬಂದದ್ದು ನಿರ್ದೇಶಕನೊಡನೆ ಜಗಳವಾದಾಗ. ಅವನು ತರುಣ, ಒಳ್ಳೆಯವನು. ಅವನ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಟ್ಟಿತ್ತು: ಕೊನೆಗೆ ಗಂಡನ ಮನೆ ಬಿಟ್ಟು ಹೊರಡುವ ನೋರಾ ಕಾರ್ಸೆಟ್ಟನ್ನು ಕಿತ್ತು ರಂಗದ ನಡುವೆ ಎಸೆದು ಹೋಗಬೇಕು. ಬಿಡುಗಡೆಯ ಸಂಕೇತ. ಮೂರು ತಿಂಗಳ ಹಿಂದೆ ಕೇಳಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಕಾರ್ಸೆಟ್ ಏನೂ ಕೆಡುಕು ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಜರ್ಮನಿಯ ವೈದ್ಯ ಸೊಮ್ಮರಿಂಗ್ 18ನೆಯ ಶತಮಾನದ ಕೊನೆಯಲ್ಲೇ ಅದರ ವಿರುದ್ಧ ಬರೆದ. 1908ರಲ್ಲಿ ಒಬ್ಬ ಫ್ರೆಂಚ್ ವೈದ್ಯ ಪಕ್ಕೆಲುಬು ಒತ್ತಿದ ಎಕ್ಸ್‌ರೇ ಚಿತ್ರಗಳನ್ನೇ ಅಚ್ಚು ಹಾಕಿಸಿದ. ಲಂಡನ್ನಿನಲ್ಲಿ 1881ರಲ್ಲಿ ಹೆಂಗಸರೇ ಸೇರಿ ಉಡುಪು ಸುಧಾರಣೆಯ ಸಂಘ ಕಟ್ಟಿದರು. ಆದರೆ ಎಲ್ಲರ ಸೊಂಟವೂ ಹದಿನಾರು ಅಂಗುಲ, ಪಕ್ಕೆಲುಬನ್ನೇ ಕೊಯ್ಸಿಕೊಳ್ಳುತ್ತಿದ್ದರು ಎಂಬವು ಕಟ್ಟುಕತೆ. ಹಾರ್‌ಬರೋದ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿದ್ದ ಮ್ಯೂಸಿಯಮ್ಮಿಗೆ ಅಜ್ಜಿಯೊಡನೆ ಹೋಗಿ ನಾನು ಕಂಡ ಸೊಂಟಗಳು ನಮ್ಮ ನಿಮ್ಮಂಥವರವೇ. ಮುಂದೆ 2001ರಲ್ಲಿ ವೆಲೆರಿ ಸ್ಟೀಲ್ ಬರೆದ ಕಾರ್ಸೆಟ್ಟಿನ ಚರಿತ್ರೆ ಓದಿದಾಗ ಸಿಮಿಂಗ್ಟನ್ ಸಂಗ್ರಹದ ಲೆಕ್ಕವೇ ಸಿಕ್ಕಿತು: 197ರಲ್ಲಿ 18 ಅಂಗುಲದ್ದು ಒಂದೇ ಒಂದು, ಹೆಚ್ಚಿನವು 20ರಿಂದ 26. ಅದೂ ಹಿಂದಿನ ತೆರಪನ್ನು ಬಿಟ್ಟು.

ನಿರ್ದೇಶಕನಿಗೆ ನಾನು ಹೇಳಿದ್ದು ಇಷ್ಟೇ. ಡಿಸೆಂಬರಿನ ನಡುರಾತ್ರಿ, ನಾರ್ವೆಯ ಚಳಿ, ಕೈಯಲ್ಲಿ ಒಂದು ಚೀಲ. ನಾಳೆ ಕೆಲಸ ಹುಡುಕಬೇಕಾದ ಹೆಂಗಸು ಕುಪ್ಪಸ ಬಿಟ್ಟು ಹೋಗುತ್ತಾಳೆಯೆ? ಆ ಕಾಲದಲ್ಲಿ ಗಿರಣಿಯ ಹುಡುಗಿಯರೂ ತೊಟ್ಟೇ ದುಡಿದರು. ಗಂಡ ಕೊಟ್ಟ ಉಂಗುರ ಅವಳು ಹಿಂದಕ್ಕೆ ಕೊಡುತ್ತಾಳೆ ನಿಜ. ಕುಪ್ಪಸ ಅವನದಲ್ಲ, ಅವಳದು. ಅಜ್ಜಿ ಇನ್ನೂ ಚುಟುಕಾಗಿ ಹೇಳಿದಳು: ‘ಅದನ್ನು ಎಸೆದರೆ ಬೆನ್ನಿಗೆ ಆಸರೆ ಯಾರು, ಇವನೇ?’

ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪುಸ್ತಕ ತೆರೆದುಕೊಂಡು ಬಂದ. ಮೂರನೆಯ ಅಂಕದಲ್ಲಿ ನೋರಾ ವೇಷದ ಉಡುಪು ಕಳಚಲು ಒಳಕೋಣೆಗೆ ಹೋಗುತ್ತಾಳೆ. ಗಂಡ ಬಾಗಿಲ ಬಳಿ ನಿಂತು ತಾನು ಅವಳನ್ನು ಕ್ಷಮಿಸಿದ್ದೇನೆ, ಕಾಪಾಡುತ್ತೇನೆ ಎಂದು ಉದ್ದಕ್ಕೂ ಮಾತಾಡುತ್ತಾನೆ. ‘ಅಲ್ಲಿ ಅವಳು ಕಾರ್ಸೆಟ್ಟನ್ನು ತಾನೇ ಬಿಚ್ಚಿ, ಉಸಿರು ತೆಗೆದು, ತಾನೇ ಮತ್ತೆ ಹಾಕಿಕೊಳ್ಳಲಿ. ಸಪ್ಪಳ ಕೇಳಿದರೆ ಸಾಕು’ ಎಂದ. ನಾನು ಎದ್ದು ಅವನಿಗೆ ಚಹಾ ಮಾಡಿಕೊಟ್ಟೆ.

ಹೊಸ ಕಾರ್ಸೆಟ್ಟನ್ನು ಹುಡುಗಿ ಹದಿನೈದು ದಿನ ಮನೆಯಲ್ಲಿ ಅರ್ಧರ್ಧ ತಾಸು ತೊಟ್ಟು ಪಳಗಿಸಿಕೊಂಡಳು. ಹೊಟ್ಟೆಯಿಂದ ಬರುತ್ತಿದ್ದ ಉಸಿರನ್ನು ಬೆನ್ನು ಪಕ್ಕೆಗಳಿಂದ ತೆಗೆಯುವುದು ಕಲಿತಳು. ಮೊದಲ ನೋರಾ ಆಗಿದ್ದ ಬೆಟ್ಟಿ ಹೆನ್ನಿಂಗ್ಸ್ ಬ್ಯಾಲೆ ಕಲಿತವಳು. ಅವಳೂ ಇಂಥದನ್ನು ತೊಟ್ಟೇ ಕುಣಿದಿರಬೇಕು ಎಂದು ನಾವು ಧೈರ್ಯ ಹೇಳಿದೆವು.

1997ರ ಮಾರ್ಚಿನಲ್ಲಿ ಮೂರು ಆಟಗಳಾದವು. ಗಂಡನ ಮಾತಿನ ನಡುವೆ ಒಳಗಿನಿಂದ ಐದು ಸಲ ಟಕ್ ಟಕ್, ಸ್ವಲ್ಪ ಹೊತ್ತು ನಿಶ್ಶಬ್ದ, ಮತ್ತೆ ಐದು ಸಲ. ಹಿಂದಿನ ಸಾಲಿನವರಿಗೆ ಕೇಳಿರಲಾರದು. ಪಕ್ಕದ ಪರದೆಯ ಮರೆಯಲ್ಲಿ ನಿಂತ ನಾನು ಮೂರು ರಾತ್ರಿಯೂ ಎಣಿಸಿದೆ.

ಕೊನೆಯ ದಿನ ಅಜ್ಜಿ ಬಂದಿದ್ದಳು. ನಾಟಕದ ಬಗ್ಗೆ ಒಂದು ಮಾತೂ ಆಡದೆ ಗ್ರೀನ್‌ರೂಮಿಗೆ ಬಂದು ಇನ್ನೂ ಬೆಚ್ಚಗಿದ್ದ ಕಾರ್ಸೆಟ್ಟನ್ನು ಒಳಮುಖ ಮಾಡಿ ದೀಪಕ್ಕೆ ಹಿಡಿದಳು. ‘ಎಡಗಡೆ ಮೂರನೆಯ ಕಸೂತಿ ಸೊಟ್ಟ’ ಎಂದಳು. ಹೌದು, ಸೊಟ್ಟವೇ. ಈಗ ಅದು ಧಾರವಾಡದಲ್ಲಿ ನನ್ನ ಟ್ರಂಕಿನಲ್ಲಿದೆ. ಮಳೆಗಾಲದಲ್ಲಿ ಬಸ್ಕಿಗೆ ತುಕ್ಕು ಹಿಡಿಯದಂತೆ ಹೊರಗೆ ತೆಗೆದು ಒರೆಸುತ್ತೇನೆ, ಆ ಹೊಲಿಗೆಯನ್ನು ಮಾತ್ರ ಬಿಚ್ಚಿ ಸರಿಮಾಡಿಲ್ಲ.