ಮಠದ ತೋಟದ ಬಟಾಣಿ

ಅಜ್ಜನ ರೂಪು ಮೊಮ್ಮಗನಿಗೆ ಬಂದಿತೆಂದು ಹಿರಿಯರು ಆಡುವುದುಂಟು. ತಂದೆಯಲ್ಲಿ ಕಾಣದ ಆ ಲಕ್ಷಣವು ನಡುವೆ ಎಲ್ಲಿ ಅಡಗಿದ್ದಿತು? ಹಾಲಿನಲ್ಲಿ ನೀರು ಬೆರೆತಂತೆ ತಂದೆತಾಯಿಗಳ ಗುಣಗಳು ಸಂತಾನದಲ್ಲಿ ಬೆರೆತುಹೋಗುವುವೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರಲ್ಲಿ ಅನೇಕರು ನಂಬಿದ್ದರು. ಈ ನಂಬಿಕೆ ಸರಿಯಲ್ಲವೆಂದು ಲೆಕ್ಕವಿಟ್ಟು ತೋರಿಸಿದವನು ಗ್ರೆಗೋರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ.

ಮೆಂಡೆಲನು 1822ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಸೈಲೀಸಿಯಾ ಪ್ರಾಂತದ ಒಕ್ಕಲು ಮನೆತನವೊಂದರಲ್ಲಿ ಹುಟ್ಟಿದನು. ಬಡತನದ ದೆಸೆಯಿಂದ ವಿದ್ಯಾಭ್ಯಾಸವು ಕಷ್ಟವಾಗಲು, 1843ರಲ್ಲಿ ಬ್ರುನ್ ಪಟ್ಟಣದ ಮಠವನ್ನು ಸೇರಿದನು. ಆ ಪಟ್ಟಣವು ಈಗ ಚೆಕ್ ಗಣರಾಜ್ಯದಲ್ಲಿದ್ದು ಬ್ರ್ನೋ ಎನಿಸಿಕೊಂಡಿದೆ. ಉಪಾಧ್ಯಾಯರ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ, ಮಠದವರ ನೆರವಿನಿಂದ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಹೋಗಿ ಭೌತಶಾಸ್ತ್ರ ಸಸ್ಯಶಾಸ್ತ್ರಗಳನ್ನು ಕಲಿತು ಬಂದನು.

1856ರಲ್ಲಿ ಮಠದ ತೋಟದಲ್ಲಿ ಪ್ರಯೋಗಗಳು ಮೊದಲಾದುವು. ಬಟಾಣಿಯ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟುವುದು; ಆದುದರಿಂದ ತಳಿಯು ಶುದ್ಧವಾಗಿ ಉಳಿಯುತ್ತದೆ. ಮೆಂಡೆಲನು ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತು, ಬೇರೊಂದು ತಳಿಯ ಪರಾಗವನ್ನು ಸೋಕಿಸಿದನು. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಹೀಗೆ ಕೂಡಿಸಲು, ಮೊದಲ ಸಂತಾನದ ಕಾಳುಗಳೆಲ್ಲವೂ ದುಂಡಾಗಿಯೇ ಇದ್ದುವು. ಅವನ್ನು ಬಿತ್ತಿ, ಗಿಡಗಳನ್ನು ಅವುಗಳ ಪಾಡಿಗೆ ಬಿಡಲು, ಮರೆಯಾಗಿದ್ದ ಸುಕ್ಕು ಮರಳಿ ಕಾಣಿಸಿಕೊಂಡಿತು. ದೊರೆತ 7324 ಕಾಳುಗಳಲ್ಲಿ 5474 ದುಂಡು, 1850 ಸುಕ್ಕು. ಎಂದರೆ ಸುಮಾರು ಮೂರಕ್ಕೆ ಒಂದು. ಕಾಳಿನ ಬಣ್ಣ, ಹೂವಿನ ಸ್ಥಾನ, ಗಿಡದ ಎತ್ತರ ಮೊದಲಾಗಿ ಅವನು ಪರೀಕ್ಷಿಸಿದ ಏಳು ಲಕ್ಷಣಗಳಲ್ಲಿಯೂ ಇದೇ ಪ್ರಮಾಣವು ಕಂಡುಬಂದಿತು.

ಇದರಿಂದ ಮೆಂಡೆಲನು ಊಹಿಸಿದುದಿಷ್ಟು. ಪ್ರತಿಯೊಂದು ಲಕ್ಷಣಕ್ಕೂ ಗಿಡದಲ್ಲಿ ಎರಡು ಅಂಶಗಳಿರುವುವು. ತಾಯಿಯಿಂದ ಒಂದು, ತಂದೆಯಿಂದ ಒಂದು. ಪರಾಗವೂ ಅಂಡವೂ ರೂಪುಗೊಳ್ಳುವಾಗ ಅವೆರಡೂ ಬೇರ್ಪಟ್ಟು, ಒಂದೊಂದರಲ್ಲಿ ಒಂದೊಂದೇ ಸೇರುತ್ತದೆ. ಎರಡು ಬಗೆಯ ಅಂಶಗಳು ಕೂಡಿದಲ್ಲಿ ಪ್ರಬಲವಾದುದು ತೋರುವುದು. ಸುಪ್ತವಾದುದು ಅಡಗಿರುವುದು, ಆದರೆ ಅಳಿಯದು. ಹಾಗಿದ್ದಲ್ಲಿ ಮೂರು ದುಂಡು ಕಾಳುಗಳಲ್ಲಿ ಒಂದು ಮಾತ್ರ ಶುದ್ಧವಾಗಿದ್ದು, ಎರಡು ಮಿಶ್ರವಾಗಿರಬೇಕು. ಇದನ್ನು ಒರೆಹಚ್ಚಲು ಅವನು ದುಂಡು ಕಾಳುಗಳಿಂದ 565 ಗಿಡಗಳನ್ನು ಬೆಳೆಸಿದನು. 193 ಗಿಡಗಳು ದುಂಡು ಕಾಳುಗಳನ್ನೇ ಕೊಟ್ಟುವು. 372 ಗಿಡಗಳು ಎರಡು ಬಗೆಯನ್ನೂ ಕೊಟ್ಟುವು. ನೋಟಕ್ಕೆ ಒಂದೇ ಆದ ಕಾಳುಗಳು ಒಳಗೆ ಒಂದೇ ಅಲ್ಲವೆಂಬುದು ಹೀಗೆ ಸಿದ್ಧವಾಯಿತು.

1865ರ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಬ್ರುನ್ ಪಟ್ಟಣದ ಪ್ರಕೃತಿವಿಜ್ಞಾನ ಸಂಘದ ಎರಡು ಸಭೆಗಳಲ್ಲಿ ಮೆಂಡೆಲನು ತನ್ನ ಪ್ರಬಂಧವನ್ನು ಓದಿದನು. ಮರುವರ್ಷ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ, ಯೂರೋಪಿನ ಅನೇಕ ಪುಸ್ತಕಭಂಡಾರಗಳನ್ನು ಸೇರಿತು. ಆದರೆ ಅದರ ಮಹತ್ತ್ವವನ್ನು ಅರಿತವರಿಲ್ಲ. 1868ರಲ್ಲಿ ಮಠಾಧಿಪತಿಯಾದ ಬಳಿಕ ಅವನ ಕಾಲವೆಲ್ಲವೂ ಮಠದ ಆಡಳಿತಕ್ಕೂ, ತೆರಿಗೆಯ ವಿಷಯದಲ್ಲಿ ಸರ್ಕಾರದೊಡನೆ ನಡೆದ ವಿವಾದಕ್ಕೂ ಸಂದುಹೋಯಿತು. 1884ರಲ್ಲಿ ಅವನು ತೀರಿಕೊಂಡನು. 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೋರೆನ್ಸ್ ಎಂಬ ವಿದ್ವಾಂಸರು ತಮ್ಮ ತಮ್ಮ ಪ್ರಯೋಗಗಳಿಂದ ಅದೇ ಪ್ರಮಾಣವನ್ನು ಪ್ರಕಟಿಸಿ, ಮೆಂಡೆಲನ ಪ್ರಬಂಧವನ್ನು ಹೆಸರಿಸಿದರು. ಒಂದು ತಲೆಮಾರಿನ ಕಾಲ ಸಣ್ಣ ಸಂಘವೊಂದರ ಸಂಪುಟದಲ್ಲಿ ಅಡಗಿದ್ದ ಸತ್ಯವು, ಸುಕ್ಕು ಕಾಳಿನಂತೆಯೇ, ಏನೂ ಕೆಡದೆ ಹೊರಬಿದ್ದಿತು.